ಪೊಂಪೈನ ಅಖಾಡದಲ್ಲಿ ಗಿಲ್ಮೋರ್ ಗಿಟಾರ್

ಇಂಗ್ಲೆಂಡಿನ ಗಿಟಾರ್ ವಾದಕ, ಗಾಯಕ ಡೇವಿಡ್ ಗಿಲ್ಮೋರ್ 2016ರ ಜುಲೈ 7 ಮತ್ತು 8ರ ರಾತ್ರಿ ಇಟಲಿಯ ಪೊಂಪೈನಲ್ಲಿ ಕಛೇರಿ ನಡೆಸಿದರು. ಗೇವಿನ್ ಎಲ್ಡರ್ ಅದನ್ನು ಚಿತ್ರೀಕರಿಸಿದರು. ‘ಲೈವ್ ಅಟ್ ಪೊಂಪೈ’ ಎಂಬ ಆ ಸಿನಿಮಾ 2017ರ ಸೆಪ್ಟೆಂಬರ್ 13ರಂದು, ಒಂದು ದಿನದ ಮಟ್ಟಿಗೆ, ಹಲವು ದೇಶಗಳ ಚಿತ್ರಮಂದಿರಗಳಲ್ಲಿ ತೆರೆಕಂಡಿತು. ಇದರ ಬೇರು ಇರುವುದು 1971ರಲ್ಲಿ, ಅದೇ ಜಾಗದಲ್ಲಿ ಚಿತ್ರೀಕರಿಸಿದ ಇನ್ನೊಂದು ಸಿನಿಮಾದಲ್ಲಿ.

ಆಗ ಗಿಲ್ಮೋರ್ ‘ಪಿಂಕ್ ಫ್ಲಾಯ್ಡ್’ ತಂಡದಲ್ಲಿದ್ದರು. ಜೊತೆಗಿದ್ದವರು ರೋಜರ್ ವಾಟರ್ಸ್, ರಿಚರ್ಡ್ ರೈಟ್, ನಿಕ್ ಮೇಸನ್. ಮೂರು ನಿಮಿಷದ ಹಾಡಿನ ಚೌಕಟ್ಟು ಸಾಲದೆಂದು ಹೊರಬಂದ ಪ್ರೊಗ್ರೆಸಿವ್ ರಾಕ್ ಪಂಥದ ಮುಂಚೂಣಿಯಲ್ಲಿ ಈ ತಂಡವಿತ್ತು. ಅವರ ‘ಎಕೋಸ್’ ಒಂದೇ ಕೃತಿ 23 ನಿಮಿಷ ನಡೆಯುತ್ತದೆ. ವಿಲಂಬಿತ ಖಯಾಲ್ ಕೇಳಿ ಬಲ್ಲ ವಿಜಯಪುರ, ಧಾರವಾಡದ ಕಿವಿಗಳಿಗೆ ಈ ನಿಧಾನ ಹೊಸದೇನಲ್ಲ.

ಆ ಸಿನಿಮಾದ ನಿರ್ದೇಶಕ ಏಡ್ರಿಯನ್ ಮೇಬನ್ ಮೊದಲು ತಂಡದ ಮುಂದಿಟ್ಟದ್ದು ಬೇರೆಯೇ ಯೋಜನೆ: ಮಾಗ್ರಿಟ್‌ನಂಥ ಕಲಾವಿದರ ವರ್ಣಚಿತ್ರಗಳಿಗೆ ಈ ಸಂಗೀತವನ್ನು ಜೋಡಿಸುವುದು. ಅದು ಕೈಗೂಡಲಿಲ್ಲ. 1971ರ ಬೇಸಿಗೆಯಲ್ಲಿ ಅವರು ಪೊಂಪೈ ನೋಡಲು ಹೋದಾಗ ಪಾಸ್‌ಪೋರ್ಟ್ ಕಳೆದುಹೋಯಿತು. ಅದನ್ನು ಹುಡುಕುತ್ತ ಸಂಜೆ ಒಬ್ಬರೇ ಪಾಳುನಗರಕ್ಕೆ ಮರಳಿ, ಕಲ್ಲಿನ ಆಂಫಿಥಿಯೇಟರ್ ಹೊಕ್ಕರು. ಕೀಟಗಳ ಸದ್ದು ಬಿಟ್ಟರೆ ಅಲ್ಲಿ ಪೂರ್ಣ ಮೌನ. ಆ ಸಣ್ಣ ಸದ್ದೂ ಕಲ್ಲಿಗೆ ತಾಕಿ ಮರಳುತ್ತಿತ್ತು. ಸಿನಿಮಾ ಹುಟ್ಟಿದ್ದು ಅಲ್ಲೇ. ಸ್ಮಾರಕವನ್ನು ಕಣ್ಣಿಗಿಂತ ಮೊದಲು ಕಿವಿ ಆರಿಸಿತು ಎಂಬುದೇ ಈ ಚಿತ್ರದ ನಿಜವಾದ ಹೆಚ್ಚುಗಾರಿಕೆ.

ಸುಮಾರು ಕ್ರಿ.ಪೂ. 70ರಲ್ಲಿ ಕಟ್ಟಿದ ಈ ಅಖಾಡ 20,000 ಜನರಿಗೆ ಸಾಲುತ್ತಿತ್ತು. ಗ್ಲಾಡಿಯೇಟರ್‌ಗಳು ಇಲ್ಲಿ ಕಾದಾಡುತ್ತಿದ್ದರು. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಸಿಡಿದು ಊರನ್ನೇ ಬೂದಿಯಡಿ ಹೂತುಹಾಕಿತು. ನೇಪಲ್ಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಉಗೋ ಕಾರ್ಪುಟಿ ತಂಡದ ಅಭಿಮಾನಿ. ಅವರ ನೆರವಿನಿಂದ ಚಿತ್ರೀಕರಣಕ್ಕೆ ಅನುಮತಿ ಸಿಕ್ಕಿತು. ವಾದ್ಯ, ಸ್ಪೀಕರ್‌ಗಳೆಲ್ಲ ಬಂದಮೇಲೆ ವಿದ್ಯುತ್ ಸಾಲದೆ ಹೋಯಿತು. ಊರೊಳಗಿಂದ ಉದ್ದನೆಯ ಕೇಬಲ್ ಎಳೆದು ತರುವಷ್ಟರಲ್ಲಿ ಅಮೂಲ್ಯ ದಿನಗಳು ಕಳೆದಿದ್ದವು. ಕೊನೆಗೆ ಅಕ್ಟೋಬರ್ ಮೊದಲ ವಾರದಲ್ಲಿ ಕೆಲಸ ನಡೆಯಿತು.

ಪ್ರೇಕ್ಷಕರನ್ನು ಕರೆಯಲಿಲ್ಲ. ಮೊದಲೇ ಮುದ್ರಿಸಿದ ಹಾಡಿಗೆ ತುಟಿಯಾಡಿಸಲು ತಂಡ ಒಪ್ಪಲಿಲ್ಲ. ನುಡಿಸಿದ್ದೆಲ್ಲ ಅಲ್ಲೇ ಮುದ್ರಣವಾಯಿತು. ವಾಟರ್ಸ್ ಬಿಸಿಲಿಗೆ ಎದುರಾಗಿ ನಿಂತು ದೊಡ್ಡ ಜಾಗಟೆ ಬಾರಿಸುವ ದೃಶ್ಯ ಪ್ರಸಿದ್ಧ. ಅದಕ್ಕಿಂತ ಚಂದದ್ದು ‘ಒನ್ ಆಫ್ ದೀಸ್ ಡೇಸ್’ನಲ್ಲಿದೆ: ಮೇಸನ್ ಕೈಯಿಂದ ಡ್ರಮ್ ಕೋಲು ಜಾರುತ್ತದೆ, ತಾಳ ತಪ್ಪದಂತೆ ಅವರು ಇನ್ನೊಂದನ್ನು ಎತ್ತಿಕೊಳ್ಳುತ್ತಾರೆ. ಉಳಿದ ಭಾಗಗಳನ್ನು ಪ್ಯಾರಿಸ್ ಸ್ಟುಡಿಯೋದಲ್ಲಿ ಚಿತ್ರೀಕರಿಸಿದರು. 1972ರ ಸೆಪ್ಟೆಂಬರಿನಲ್ಲಿ ಎಡಿನ್‌ಬರೊ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನವಾಯಿತು.

ಪೊಂಪೈನ ಅಖಾಡಕ್ಕೆ ಚಾವಣಿ ಇಲ್ಲ. ಸದ್ದಿನ ಹೆಚ್ಚಿನ ಪಾಲು ಆಕಾಶಕ್ಕೆ ಹೋಗುತ್ತದೆ. ಇದರ ಮಹತ್ವ ವಿಜಯಪುರದವರಿಗೆ ಬೇಗ ತಿಳಿದೀತು. 1656ರ ಸುಮಾರಿಗೆ ಪೂರ್ಣಗೊಂಡ ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಂದು ಚಪ್ಪಾಳೆ ಏಳಕ್ಕೂ ಹೆಚ್ಚು ಬಾರಿ ಮರಳಿ ಕೇಳಿಸುತ್ತದೆ. ಅಲ್ಲಿ ಡ್ರಮ್ ಬಾರಿಸಿದರೆ ಒಂದು ಪೆಟ್ಟು ಅಡಗುವ ಮುನ್ನ ಹತ್ತು ಪೆಟ್ಟು ಅದರ ಮೇಲೆ ಬಿದ್ದು ಲಯವೇ ಕಲಸಿಹೋಗುತ್ತದೆ. ಸಂಗೀತಕ್ಕೆ ಒದಗುವ ಜಾಗ ಟಿಕೋಟಾ ದಾರಿಯ ತೊರವಿಯಲ್ಲಿದೆ. ಸ್ವತಃ ಸಂಗೀತಗಾರನಾಗಿದ್ದ ಎರಡನೇ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ಅಲ್ಲಿ ನವರಸಪುರ ಕಟ್ಟಲು ಆರಂಭಿಸಿದ. 1624ರಲ್ಲಿ ಮಲಿಕ್ ಅಂಬರ್‌ನ ಸೇನೆ ಅದನ್ನು ಹಾಳುಗೆಡವಿತು. ಉಳಿದ ಸಂಗೀತ ಮಹಲು ಇಂದಿಗೂ ಬಯಲಿಗೆ ತೆರೆದುಕೊಂಡೇ ನಿಂತಿದೆ. ವಿಜಯಪುರದ ನವರಸಪುರ ಉತ್ಸವಕ್ಕೆ ಹೆಸರು ಬಂದದ್ದು ಈ ಊರಿನಿಂದ.

ಪಿಂಕ್ ಫ್ಲಾಯ್ಡ್ ಬಿಟ್ಟ ವಾಟರ್ಸ್ 2002ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿ ಹೋದರು. ಪೊಂಪೈಗೆ ಮರಳಿದವರು ಗಿಲ್ಮೋರ್. 2016ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಅಖಾಡದ ನೆಲದ ಮೇಲೆಯೇ ನಿಂತು ಕೇಳಿದರು. ಊರು ಗಿಲ್ಮೋರ್ ಅವರಿಗೆ ಗೌರವ ಪೌರತ್ವ ನೀಡಿತು. 1971ರಲ್ಲಿ ಅಲ್ಲಿ ನುಡಿಸಿದ್ದರಲ್ಲಿ ಮತ್ತೆ ಕೇಳಿಬಂದದ್ದು ‘ಒನ್ ಆಫ್ ದೀಸ್ ಡೇಸ್’ ಒಂದೇ. ‘ಎಕೋಸ್’ ಇರಲಿಲ್ಲ. ಅದು ಗಿಲ್ಮೋರ್ ಮತ್ತು ರೈಟ್ ಇಬ್ಬರೂ ದನಿಗೂಡಿಸುವ ಕೃತಿ. ರೈಟ್ 2008ರಲ್ಲಿ ತೀರಿಕೊಂಡಿದ್ದರು. ಪೊಂಪೈನ ‘ಎಕೋಸ್’ ಬೇಕೆಂದವರಿಗೆ ಮೇಬನ್ ಚಿತ್ರವೇ ಗತಿ. ಅದರ ಮೂಲ 35 ಮಿ.ಮೀ. ಫಿಲ್ಮನ್ನು 4ಕೆ ಗುಣಮಟ್ಟಕ್ಕೆ ಶುದ್ಧೀಕರಿಸಿ 2025ರ ಏಪ್ರಿಲ್‌ನಲ್ಲಿ ಮತ್ತೆ ಚಿತ್ರಮಂದಿರಗಳಿಗೆ ತಂದರು. ಧ್ವನಿಯನ್ನು ಹೊಸದಾಗಿ ಹದಗೊಳಿಸಿದವರು ಮುಂದಿನ ಪೀಳಿಗೆಯ ಪ್ರೊಗ್ರೆಸಿವ್ ರಾಕ್ ಸಂಗೀತಗಾರ ಸ್ಟೀವನ್ ವಿಲ್ಸನ್.