ಕಡಲು ಕಾಣದ ಊರಲ್ಲಿ ಹಡಗು

ಪೆಟ್ಟಿಗೆಯ ಮುಚ್ಚಳ ಸರಿಸಿದ ಕೂಡಲೇ ಮೂಗಿಗೆ ಬಡಿಯುವುದು ಸುಟ್ಟ ಕಟ್ಟಿಗೆಯ ವಾಸನೆ. ತೆಳ್ಳಗಿನ ಪ್ಲೈವುಡ್ ಹಾಳೆಗಳನ್ನು ಲೇಸರ್‌ನಲ್ಲಿ ಕತ್ತರಿಸಿರುತ್ತಾರಲ್ಲ, ಅವುಗಳ ಅಂಚು ಕಪ್ಪಾಗಿ, ಮುಟ್ಟಿದರೆ ಬೆರಳಿಗೆ ಮಸಿ ಹತ್ತುತ್ತದೆ. ಅದರ ಕೆಳಗೆ ರಬ್ಬರ್ ಬ್ಯಾಂಡ್ ಬಿಗಿದ ಪಟ್ಟಿಗಳ ಕಂತೆಗಳು. ಬಿಳಿಚಿಕೊಂಡ ಲೈಮ್ ಮರದವು ಒಂದು ಕಂತೆ, ಕಂದು ಬಣ್ಣದ ಅಕ್ರೋಟು ಮರದವು ಇನ್ನೊಂದು. ಪುಟ್ಟ ಡಬ್ಬಿಯ ಗೂಡುಗಳಲ್ಲಿ ಹಿತ್ತಾಳೆಯ ಮೊಳೆ, ಉಗುರಿನ ಕಾಲುಭಾಗವೂ ಇಲ್ಲದ ಮರದ ರಾಟೆಗಳು, ಮೂರು ತೂತಿನ ದುಂಡು ಬಿಲ್ಲೆಗಳು, ಎರಕ ಹೊಯ್ದ ಲಂಗರು. ದಪ್ಪ, ಸಣ್ಣ, ಕಪ್ಪು, ಕಂದು ದಾರದ ಉಂಡೆಗಳು. ಎಲ್ಲಕ್ಕಿಂತ ಕೆಳಗೆ, ಮಡಿಸಿ ಮಡಿಸಿ ಇಟ್ಟ ನಕ್ಷೆ; ಬಿಡಿಸಿದರೆ ಊಟದ ಮೇಜು ಸಾಲದು, ನೆಲಕ್ಕೇ ಹಾಸಬೇಕು. ಹಾಸಿ, ನಾಲ್ಕು ಮೂಲೆಗೆ ನಾಲ್ಕು ಚೊಂಬು ಇಟ್ಟು, ಅದರ ಪಕ್ಕ ನೀವೂ ಕೂತುಕೊಳ್ಳಿ. ಅವಸರವೇನಿಲ್ಲ, ಈ ಹಡಗು ಈ ವರ್ಷ ಹೊರಡುವುದಿಲ್ಲ.

ಹೊನ್ನಾಳಿಯ ಹೊಳೆದಂಡೆಯ ಮನೆ. ಹಿತ್ತಲ ಕಿಟಕಿ ತೆರೆದರೆ ತುಂಗಭದ್ರೆ. ಕೂಡ್ಲಿಯಲ್ಲಿ ಎರಡು ಹೊಳೆ ಒಂದಾಗಿ, ಇಲ್ಲಿಗೆ ಬರುವಷ್ಟರಲ್ಲಿ ಮಳೆಗಾಲವಾದರೆ ಕೆಮ್ಮಣ್ಣು ನೀರು ದಂಡೆಯಿಂದ ದಂಡೆಗೆ ಹರಡಿ, ಬೇಸಿಗೆಯಾದರೆ ಬಂಡೆಗಳ ಬೆನ್ನು ತೋರಿಸಿಕೊಂಡು ಹರಿಯುತ್ತದೆ. ಕಡಲು ಇಲ್ಲಿಗೆ ಪಡುವಣಕ್ಕೆ ಹತ್ತಿರ, ಘಟ್ಟ ಇಳಿದರೆ ಹೊನ್ನಾವರ, ಕುಂದಾಪುರ. ಆದರೆ ನಮ್ಮ ಹೊಳೆಗೆ ಆ ಕಡೆ ಮುಖವೇ ಇಲ್ಲ. ಮೂಡಣಕ್ಕೆ ತಿರುಗಿ, ಹರಿಹರ, ಹಂಪಿ ದಾಟಿ, ಕೃಷ್ಣೆಯನ್ನು ಸೇರಿ, ಆಂಧ್ರದ ಅಂಚಿನವರೆಗೂ ನಡೆದು ಬಂಗಾಳ ಕೊಲ್ಲಿಗೆ ಬೀಳುತ್ತದೆ. ಇಂಥ ಊರಿನಲ್ಲಿ ಕೂತು ಮೂರು ಕೂವೆಮರದ ಪುಟ್ಟ ಮಾದರಿ ಹಡಗು ಕಟ್ಟುವವನನ್ನು ಕಂಡರೆ ಯಾರಿಗಾದರೂ ನಗು ಬರುತ್ತದೆ. ಪಕ್ಕದ ಬೀದಿಯ ಆಚಾರ್ರು ಬಾಗಿಲಲ್ಲಿ ನಿಂತು ಕೇಳಿದ್ದೂ ಅದೇ: ‘ಏನ್ರೀ ಮೇಷ್ಟ್ರೇ, ಹಡಗು ಎತ್ಲಾಗೆ ಹೊಂಟೈತಿ?’

ಕೇಳಿದವರು ಹೋಗಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು. ಅಷ್ಟು ಹೊತ್ತಿಗೆ ಅಡಿಮರಕ್ಕೆ ಅಡ್ಡ ಹಲಗೆಗಳು ಕೂತಿದ್ದವು. ಉದ್ದಕ್ಕೆ ಒಂದು ಬೆನ್ನುಮೂಳೆ, ಅದರಲ್ಲಿ ಕೊರೆದ ಕಚ್ಚುಗಳಿಗೆ ಒಂದೊಂದಾಗಿ ಸಿಕ್ಕಿಸಿದ ಪಕ್ಕೆಲುಬುಗಳು, ಮೂತಿಯ ಕಡೆ ಸಣ್ಣವು, ಹೊಟ್ಟೆಯ ಕಡೆ ಅಗಲದವು. ಒಟ್ಟು ನೋಟಕ್ಕೆ ಊಟ ಮುಗಿದ ತಟ್ಟೆಯಲ್ಲಿ ಉಳಿದ ಮೀನಿನ ಮುಳ್ಳು. ಆಚಾರ್ರು ಅದನ್ನು ಎತ್ತಿ, ಒಂದು ಕಣ್ಣು ಮುಚ್ಚಿ, ಬಂದೂಕು ಹಿಡಿದವರ ಹಾಗೆ ಉದ್ದಕ್ಕೂ ನೋಡಿದರು. ‘ಮೂರನೇದು ಒಂದು ಕೂದಲು ಎಡಕ್ಕೈತಿ’ ಎಂದರು. ಮೂಲೆಮಟ್ಟ ಹಿಡಿದು ನೋಡಿದರೆ ಹೌದು. ಬೆನ್ನು ಸೊಟ್ಟಗಾದರೆ ಮುಂದಿನದೆಲ್ಲ ಸೊಟ್ಟಗೇ. ತೇರಿನ ಅಚ್ಚಿಗೆ, ಗಾಡಿಯ ಮೂಕಿಗೆ ಹೊಂದಿಕೊಂಡ ಕಣ್ಣಿಗೆ ಸ್ಪೇನಿನಿಂದ ಬಂದ ಪೆಟ್ಟಿಗೆಯ ಪ್ಲೈವುಡ್ಡೂ ತನ್ನ ಗುಟ್ಟು ಬಚ್ಚಿಡಲಾರದು.

ಆಮೇಲಿನದು ಉಜ್ಜುವ ಕೆಲಸ. ಕೋಲಿಗೆ ಸ್ಯಾಂಡ್ ಪೇಪರ್ ಅಂಟಿಸಿ ಪಕ್ಕೆಲುಬುಗಳ ಅಂಚನ್ನು ಓರೆಯಾಗಿ, ಮೂತಿಯ ಬಳಿ ಹೆಚ್ಚು, ನಡುವೆ ಕಡಿಮೆ, ಹೊದಿಸುವ ಪಟ್ಟಿ ಎಲ್ಲ ಕಡೆಗೂ ಮೈತುಂಬ ಕೂರುವಂತೆ ಸವೆಸುತ್ತ ಹೋಗಬೇಕು. ಸರ್ ಸರ್ ಸದ್ದು, ತೊಡೆಯ ಮೇಲೆ ಹಳದಿ ಹೊಟ್ಟು, ಮೂಗಿಗೆ ಕಟ್ಟಿದ ಟವೆಲ್ಲು. ಹೊರಗೆ ಶಿವಮೊಗ್ಗದ ಬಸ್ಸಿನ ಹಾರನ್ನು, ಒಳಗೆ ಕುಕ್ಕರಿನ ಸೀಟಿ. ಹವ್ಯಾಸದ ಪುಸ್ತಕಗಳೆಲ್ಲ ಈ ಕೆಲಸವನ್ನು ಎರಡು ಸಾಲಿನಲ್ಲಿ ಮುಗಿಸುತ್ತವೆ. ಹಡಗಿನ ಅಂದ ನಿಂತಿರುವುದು ಇದರ ಮೇಲೆಯೇ ಎಂದು ಉಜ್ಜಿದವರಿಗಷ್ಟೇ ಗೊತ್ತು.

ಪಟ್ಟಿ ಹೊದಿಸುವುದನ್ನು ಮಾತ್ರ ನೀವು ಹತ್ತಿರ ಬಂದು ನೋಡಬೇಕು. ಐದು ಮಿಲಿಮೀಟರ್ ಅಗಲ, ಒಂದೂವರೆ ಮಿಲಿಮೀಟರ್ ದಪ್ಪದ ಲೈಮ್ ಪಟ್ಟಿಯನ್ನು ನೀರಿನಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಬಿಸಿ ಸಾಲ್ಡರಿಂಗ್ ಐರನ್ನಿನ ಮೈಗೆ ತಾಗಿಸಿ ನಿಧಾನಕ್ಕೆ ಎಳೆದರೆ, ಚುಯ್ ಎಂದು ಆವಿ ಎದ್ದು ಮರ ಬಾಗುತ್ತದೆ. ಬಾಗಿದ್ದನ್ನು ಮೂತಿಗೆ ಹಿಡಿದು, ಫೆವಿಕಾಲ್ ಸವರಿ, ಬಟ್ಟೆ ಕ್ಲಿಪ್ಪು ಕಚ್ಚಿಸಿ ಬಿಡಬೇಕು. ಎಡಕ್ಕೆ ಒಂದು ಹಾಕಿದರೆ ಬಲಕ್ಕೆ ಒಂದು. ಒಂದೇ ಮಗ್ಗುಲಿಗೆ ಹೊದಿಸುತ್ತ ಹೋದರೆ ಒಣಗುವ ಅಂಟು ಎಳೆದು ಬೆನ್ನನ್ನೇ ತಿರುಚಿಬಿಡುತ್ತದೆ. ಹಡಗಿನ ಹೊಟ್ಟೆ ದೊಡ್ಡದು, ಮೂತಿ ಕಿರಿದು. ನಡುವಿನಲ್ಲಿ ಹಿಡಿಸಿದಷ್ಟು ಪಟ್ಟಿಗಳು ತುದಿಯಲ್ಲಿ ಹಿಡಿಸುವುದಿಲ್ಲ, ಹಾಗಾಗಿ ಪ್ರತಿಯೊಂದನ್ನೂ ತುದಿಗೆ ಬರಬರುತ್ತ ಚೂಪಾಗಿಸಬೇಕು. ಹಿಂಬದಿಯಲ್ಲಿ ಇದರ ತಿರುವುಮುರುವು: ಅಲ್ಲಿ ಸಂದು ಬೀಳುತ್ತದೆ, ತ್ರಿಕೋನದ ಚೂರು ಕತ್ತರಿಸಿ ತುಂಬಬೇಕು. ಈ ಒರಟು ಹೊದಿಕೆಯನ್ನೆಲ್ಲ ಮತ್ತೆ ಉಜ್ಜಿ ನುಣುಪು ಮಾಡಿ, ಅದರ ಮೇಲೆ ಅರ್ಧ ಮಿಲಿಮೀಟರಿನ ಅಕ್ರೋಟು ಪಟ್ಟಿ. ಅದೇ ಕಣ್ಣಿಗೆ ಕಾಣುವ ಚರ್ಮ. ಕೊನೆಗೊಮ್ಮೆ ಎಣ್ಣೆ ಸವರಿದಾಗ ಬೂದುಗಂದು ಮರ ಒಳಗಿನಿಂದ ಕೆಂಪೇರುತ್ತದೆ. ಆ ಹೊತ್ತಿಗೆ ಮನೆಮಂದಿಯನ್ನೆಲ್ಲ ಕರೆದು ತೋರಿಸದೆ ಇರಲು ಯಾರಿಂದಲೂ ಆಗುವುದಿಲ್ಲ.

ಕೈಯಲ್ಲಿ ಪುಟ್ಟದನ್ನು ಮಾಡುವ ಚಪಲ ಈ ಸೀಮೆಗೆ ಹೊಸದೇನಲ್ಲ. ಜಗಳೂರಿನ ಹೊಲಗಳಲ್ಲಿ ಜೋಳದ ದಂಟು ಸುಲಿದು, ಒಳಗಿನ ಬೆಂಡನ್ನು ಕಡ್ಡಿಯಿಂದ ಚುಚ್ಚಿ ಜೋಡಿಸಿ ಎತ್ತಿನ ಗಾಡಿ ಮಾಡದ ಹುಡುಗರು ಯಾರು? ಮಳೆ ಕೈಕೊಡುವ ತಾಲ್ಲೂಕು ಅದು. ತುಂಗಭದ್ರೆಯಿಂದ ನೀರೆತ್ತಿ ಆ ಭಾಗದ 57 ಕೆರೆ ತುಂಬಿಸುವ ಯೋಜನೆಗಾಗಿ ಕಾದ ಜನ. ಅಲ್ಲಿ ದೋಣಿಗಿಂತ ಗಾಡಿಯೇ ಆಟಿಕೆಯಾದದ್ದು ಸಹಜ. ಚನ್ನಗಿರಿಯ ಕಡೆ ಬಂದರೆ ಅಡಿಕೆ ತೋಟ. ಉದುರಿದ ಹಾಳೆಯಲ್ಲಿ ಒಬ್ಬನನ್ನು ಕೂರಿಸಿ ಇನ್ನೊಬ್ಬ ಎಳೆಯುವುದೂ, ಅದೇ ಹಾಳೆಯ ತುಂಡನ್ನು ಕಾಲುವೆಯಲ್ಲಿ ತೇಲಿಬಿಡುವುದೂ ಒಂದೇ ಮಧ್ಯಾಹ್ನದ ಆಟ. ಅದೇ ತಾಲ್ಲೂಕಿನ ಸೂಳೆಕೆರೆ, ಕಾಗದದಲ್ಲಿ ಶಾಂತಿಸಾಗರ, ಎರಡು ಗುಡ್ಡಗಳ ನಡುವಿನ ಸಂದಿಗೆ ಏರಿ ಕಟ್ಟಿ 5,000 ಎಕರೆಗೂ ಮಿಕ್ಕಿ ನೀರು ನಿಲ್ಲಿಸಿದ ಹಳೆಯ ಕೆರೆ. ಗಾಳಿ ಎದ್ದ ದಿನ ಅದರ ಏರಿಯ ಮೇಲೆ ನಿಂತರೆ ಅಲೆ ಕಲ್ಲಿಗೆ ಹೊಡೆಯುವ ಸದ್ದು ಕೇಳಿಸುತ್ತದೆ, ಎದುರು ದಂಡೆ ಮಂಜುಮಂಜು. ಕಡಲು ನೋಡದವರಿಗೆ ಅಷ್ಟೇ ಕಡಲು.

ಇನ್ನು ನ್ಯಾಮತಿ. ಆ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ. ಫೆಬ್ರವರಿಯ ಜಾತ್ರೆಗೆ ದೂರದೂರದ ತಾಂಡಾಗಳಿಂದ ಲಂಬಾಣಿಗರು ಬಂದು ಸೇರುತ್ತಾರೆ. ಅಜ್ಜಿಯರ ಹಳೆಯ ಲಂಗ, ರವಿಕೆ, ಮುಸುಕಿನ ಅಂಚನ್ನು ನೋಡಿ. ಕನ್ನಡಿ ಚೂರಿನ ಪಕ್ಕ ಸಾಲಾಗಿ ಕವಡೆ. ಕವಡೆ ನಮ್ಮ ಹೊಳೆಯದ್ದಲ್ಲ. ಶತಮಾನಗಳ ಕಾಲ ಈ ದೇಶಕ್ಕೆ ಕವಡೆ ಹೆಚ್ಚಾಗಿ ಬಂದದ್ದು ಮಾಲ್ಡೀವ್ಸ್ ದ್ವೀಪಗಳಿಂದ, ಹಡಗಿನ ಹೊಟ್ಟೆಯಲ್ಲಿ. ಹಡಗು ಊರಿಗೆ ಬರದಿದ್ದರೇನು, ಹಡಗಿನ ಸರಕು ಬಂದಿತ್ತು.

ನಮ್ಮದೇ ದೋಣಿ ಎಂದರೆ ಹರಿಗೋಲು. ಬಿದಿರಿನ ಸೀಳನ್ನು ದುಂಡಗೆ ಹೆಣೆದು, ಹಿಂದೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಇದಕ್ಕೆ ಬೆನ್ನುಮೂಳೆಯೇ ಇಲ್ಲ, ಮೂತಿಯಿಲ್ಲ, ಹಿಂದುಮುಂದಿಲ್ಲ. ಹುಟ್ಟು ಹಾಕಲು ಬಾರದವನು ಕೂತರೆ ಗಿರಗಿರನೆ ತಿರುಗುತ್ತದೆಯೇ ಹೊರತು ಮುಂದಕ್ಕೆ ಹೋಗುವುದಿಲ್ಲ. 1520ರ ಹೊತ್ತಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಇದೇ ಹೊಳೆಯಲ್ಲಿ ಬುಟ್ಟಿಯಂಥ, ತೊಗಲು ಹೊದಿಸಿದ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಹದಿನೈದು ಇಪ್ಪತ್ತು ಜನ, ಬೇಕಾದರೆ ಕುದುರೆ ಎತ್ತುಗಳನ್ನೂ ಅವು ದಾಟಿಸುತ್ತಿದ್ದವಂತೆ. ಮಹಾಸಾಗರ ಹಾದುಬಂದ ಮನುಷ್ಯನಿಗೂ ಅದು ನಿಂತು ನೋಡುವ ವಸ್ತುವಾಗಿತ್ತು.

ದೊಡ್ಡದನ್ನು ಚಿಕ್ಕದಾಗಿ ಮಾಡಿ ಇಟ್ಟುಕೊಳ್ಳುವ ಆಸೆ ದೋಣಿಯಷ್ಟೇ ಹಳೆಯದು. ಗುಜರಾತಿನ ಲೋಥಲ್‌ನಲ್ಲಿ ಸುಟ್ಟ ಮಣ್ಣಿನ ದೋಣಿಗಳು ಸಿಕ್ಕಿವೆ. ಈಜಿಪ್ಟಿನಲ್ಲಿ ಮೆಕೆತ್ರೆ ಎಂಬ ಅಧಿಕಾರಿಯ ಗೋರಿಯಲ್ಲಿ, ಹುಟ್ಟುಗಾರರ ಸಮೇತ ಸುಮಾರು 4,000 ವರ್ಷ ಹಿಂದಿನ ಮರದ ದೋಣಿಗಳು 1920ರಲ್ಲಿ ದೊರೆತವು. ನನಗೆ ಹೆಚ್ಚು ಇಷ್ಟವಾಗುವುದು ನಾರ್ಮನ್ ಕ್ರಾಸ್‌ನ ಸಂಗತಿ. ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಸೆರೆಸಿಕ್ಕ ಫ್ರೆಂಚರನ್ನು ಇಂಗ್ಲೆಂಡಿನ ಆ ಶಿಬಿರದಲ್ಲಿ ಕೂಡಿಹಾಕಿದಾಗ, ಅವರು ಊಟಕ್ಕೆ ಕೊಟ್ಟ ಮಾಂಸದ ಮೂಳೆಯನ್ನೇ ಕುದಿಸಿ, ಸೀಳಿ, ಕೆತ್ತಿ ಹಡಗು ಮಾಡಿ ಮಾರುತ್ತಿದ್ದರು. ಅವರಿಗೆ ಪೆಟ್ಟಿಗೆಯೂ ಇರಲಿಲ್ಲ, ನಕ್ಷೆಯೂ ಇರಲಿಲ್ಲ.

ನಕ್ಷೆ ಎಂದಾಗ ಒಂದು ಕಥೆ ಹೇಳಲೇಬೇಕು. ಇಂಗ್ಲೆಂಡಿನ ಹಾರ್ಟಲ್‌ಪೂಲ್ ಬಂದರಿನಲ್ಲಿ ಇಂದಿಗೂ ತೇಲುತ್ತಿರುವ ‘ಟ್ರಿಂಕೋಮಲಿ’ ಎಂಬ ಯುದ್ಧನೌಕೆ ಕಟ್ಟಿದ್ದು ಮುಂಬಯಿಯಲ್ಲಿ, ಪಾರ್ಸಿ ಮನೆತನದ ಜಮ್ಷೆಟ್‌ಜಿ ಬೊಮನ್‌ಜಿ ವಾಡಿಯಾ ಅವರ ಮೇಲ್ವಿಚಾರಣೆಯಲ್ಲಿ, 1817ರಲ್ಲಿ. ಯುದ್ಧಗಳಿಂದಾಗಿ ಬ್ರಿಟನ್ನಿನಲ್ಲಿ ಓಕ್ ಮರಕ್ಕೆ ಬರ ಬಂದಿತ್ತು. ನಮ್ಮ ಪಡುಗಡಲ ದಂಡೆಯ ಮಲಬಾರ್ ತೇಗ ಅವರ ಕೈಗೆ ಸಿಕ್ಕಿತ್ತು. ಹಡಗಿನ ನಕ್ಷೆ ಇಂಗ್ಲೆಂಡಿನಿಂದ ಬರಬೇಕು. ಮೊದಲ ಪ್ರತಿ ಹೊತ್ತು ಹೊರಟ ‘ಜಾವಾ’ ಹಡಗನ್ನು 1812ರ ಡಿಸೆಂಬರಿನಲ್ಲಿ ಬ್ರೆಜಿಲ್ ಕರಾವಳಿಯಾಚೆ ಅಮೆರಿಕದ ‘ಕಾನ್‌ಸ್ಟಿಟ್ಯೂಷನ್’ ಸೋಲಿಸಿತು. ಹಡಗಿನ ಜೊತೆ ನಕ್ಷೆಯೂ ಹೋಯಿತು. ಮತ್ತೆ ಬರೆಸಿ ಕಳಿಸಿದ ಮೇಲೆಯೇ ಮುಂಬಯಿಯ ಬಡಗಿಗಳು ಉಳಿ ಎತ್ತಿದ್ದು. ತಮಾಷೆಯೆಂದರೆ, ನಕ್ಷೆ ನುಂಗಿದ ಆ ‘ಕಾನ್‌ಸ್ಟಿಟ್ಯೂಷನ್’ ಇವತ್ತು ಹಡಗು ಕಟ್ಟುವ ಹವ್ಯಾಸಿಗಳ ಅಚ್ಚುಮೆಚ್ಚಿನ ಪೆಟ್ಟಿಗೆಗಳಲ್ಲಿ ಒಂದು. ಅಂದು ನಕ್ಷೆ ಅವರದು, ಮರ ನಮ್ಮದು. ಇಂದು ಸ್ಪೇನು, ಇಟಲಿ, ಡೆನ್ಮಾರ್ಕುಗಳಿಂದ ಪೆಟ್ಟಿಗೆ ಬರುವಾಗ ನಕ್ಷೆಯ ಜೊತೆ ಮರವೂ ಅಲ್ಲಿಂದಲೇ ಬರುತ್ತದೆ.

ಮರದ ಕೆಲಸ ಮುಗಿದ ಮೇಲೆ ದಾರದ ಕೆಲಸ. ಅರ್ಧ ಜನ ಇಲ್ಲೇ ಕೈಚೆಲ್ಲುವುದು. ದಾರವನ್ನು ಜೇನುಮೇಣದ ಉಂಡೆಯ ಮೇಲೆ ಎಳೆದರೆ ಅದರ ಜುಂಗು ಅಡಗುತ್ತದೆ, ಕೋಣೆಯ ತುಂಬ ಸಿಹಿವಾಸನೆ. ಕೂವೆಮರವನ್ನು ಹಿಡಿದು ನಿಲ್ಲಿಸುವ ದಾರ ಕಪ್ಪು, ಏಕೆಂದರೆ ನಿಜವಾದ ಹಡಗಿನಲ್ಲಿ ಅದಕ್ಕೆ ಟಾರು ಬಳಿದಿರುತ್ತಿದ್ದರು. ಹಾಯಿ ಏರಿಸಿ ಇಳಿಸುವ ದಾರ ಕಂದು. ಮೂರು ತೂತಿನ ಬಿಲ್ಲೆಗಳನ್ನು ಜೋಡಿಜೋಡಿಯಾಗಿ ಬಿಗಿದು, ಅವುಗಳಿಂದ ಮೇಲೆದ್ದ ಹಗ್ಗಗಳ ನಡುವೆ ನಾವಿಕರು ಹತ್ತುವ ನೂಲೇಣಿ ಹೆಣೆಯಬೇಕು, ಒಂದೊಂದು ಮೆಟ್ಟಿಲಿಗೂ ಗಂಟು ಮೇಲೆ ಗಂಟು. 1765ರಲ್ಲಿ ನೀರಿಗಿಳಿದ, 104 ಫಿರಂಗಿಗಳ ‘ವಿಕ್ಟರಿ’ಯಂಥದ್ದನ್ನು ಕೈಗೆತ್ತಿಕೊಂಡರೆ ಗಂಟುಗಳೇ ಸಾವಿರಾರು. 72ರಲ್ಲಿ ಒಂದು ಪಾಲಿನ ಅಳತೆಗೆ ಇಳಿಸಿದರೂ ಅದು ನಾಲ್ಕೂವರೆ ಅಡಿ ಉದ್ದ. ಅದರ ಅಟ್ಟದ ಮೇಲೆ ನಿಲ್ಲುವ ಆಳು ಒಂದು ಅಂಗುಲಕ್ಕಿಂತ ಕಡಿಮೆ. ಚಿಮಟ ಹಿಡಿದು, ಉಸಿರು ಬಿಗಿಹಿಡಿದು ಗಂಟು ಹಾಕುವಾಗ ಫೋನು ಬಡಿದುಕೊಂಡರೂ ಎತ್ತಲಾಗುವುದಿಲ್ಲ. ಈ ಹವ್ಯಾಸದ ದೊಡ್ಡ ಲಾಭ ಅದೇ ಎಂದು ನನ್ನ ಅನಿಸಿಕೆ.

ಶುರುಮಾಡುವವರು ‘ವಿಕ್ಟರಿ’ಗೆ ಕೈಹಾಕಬೇಡಿ. ಅಂಥ ಪೆಟ್ಟಿಗೆ ಅರ್ಧ ಲಕ್ಷ ರೂಪಾಯಿ ದಾಟುತ್ತದೆ, ವರ್ಷಗಟ್ಟಲೆ ಅಟ್ಟದ ಮೇಲೆ ಧೂಳು ತಿನ್ನುತ್ತದೆ. ಕೆಲವು ಸಾವಿರಕ್ಕೆ ಸಿಗುವ ಒಂದೇ ಕೂವೆಯ ಮೀನುದೋಣಿ ಸಾಕು. ಚೂರಿ, ಚಿಮಟ, ಸ್ಯಾಂಡ್ ಪೇಪರ್, ಅಂಟು, ಬಟ್ಟೆ ಕ್ಲಿಪ್ಪು ಇಷ್ಟಿದ್ದರೆ ಕೆಲಸ ನಡೆಯುತ್ತದೆ.

ಒಂದು ಕೊರತೆ ಮಾತ್ರ ಚುಚ್ಚುತ್ತದೆ. ಸ್ಪೇನಿನ ಆರ್ಟೆಸಾನಿಯಾ ಲಾಟಿನಾ ಕಂಪನಿಯವರು ಅರಬರ ಹಾಯಿಹಡಗಿಗೂ ‘ಸುಲ್ತಾನ್’ ಎಂದು ಹೆಸರಿಟ್ಟು ಪೆಟ್ಟಿಗೆ ಮಾಡಿದ್ದಾರೆ. ನಮ್ಮ ಕರಾವಳಿಯ ಪತ್ತೇಮಾರಿ ಎಂಬ ಹಾಯಿಹಡಗು ಮಾತ್ರ ಯಾವ ಅಂಗಡಿಯ ಪಟ್ಟಿಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ, ಆ ಕೆಂಪು ಹೆಂಚುಗಳನ್ನು ಬಂದರಿನಿಂದ ಬಂದರಿಗೆ ಹೊತ್ತದ್ದು ಇಂಥ ಹಾಯಿಹಡಗುಗಳೇ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರಿದ್ದಾರೆ, ನಕ್ಷೆ ಬರೆಯಬಲ್ಲರು. ಬೋರ್ಡು ಬರೆಯುವ ಅಂಗಡಿಗಳಿಗೆ ಲೇಸರ್ ಯಂತ್ರ ಬಂದಿದೆ. ಒಂದು ಕೂದಲ ಸೊಟ್ಟ ಹಿಡಿಯುವ ಆಚಾರ್ರು ನಮ್ಮ ಬೀದಿಯಲ್ಲೇ ಇದ್ದಾರೆ. ಒಂದು ಪತ್ತೇಮಾರಿ, ಒಂದು ಹರಿಗೋಲು, ಎರಡನ್ನೂ ಪೆಟ್ಟಿಗೆಯಲ್ಲಿಟ್ಟು ಕನ್ನಡದಲ್ಲಿ ನಕ್ಷೆ ಬರೆದು ಯಾರಾದರೂ ಹೊರತನ್ನಿ. ಮೊದಲ ಪೆಟ್ಟಿಗೆಯ ದುಡ್ಡು ನಾನು ಕೊಡುತ್ತೇನೆ.