ಓಲ್ಡ್ ಸೇರಮ್: ಜನರಿಲ್ಲದ ಊರಿನ ಪ್ರಾತಿನಿಧ್ಯ

ಇಂಗ್ಲೆಂಡಿನ ವಿಲ್ಟ್‌ಷೈರ್ ಕೌಂಟಿಯ ಓಲ್ಡ್ ಸೇರಮ್, ಹದಿಮೂರನೆಯ ಶತಮಾನದಲ್ಲಿ ಕ್ಯಾಥೆಡ್ರಲ್ ಕೆಳಗಣ ಸಾಲ್ಸ್‌ಬರಿಗೆ ಸ್ಥಳಾಂತರಗೊಂಡ ಬಳಿಕ ಕ್ರಮೇಣ ಪಾಳುಬಿದ್ದಿತು. ಆದರೂ ಅದು 1832ರವರೆಗೆ ಕಾಮನ್ಸ್ ಸಭೆಗೆ ಇಬ್ಬರು ಸದಸ್ಯರನ್ನು ಕಳುಹಿಸುತ್ತಿತ್ತು. ಇದನ್ನು ಬರಿಯ ಭ್ರಷ್ಟಾಚಾರವೆಂದು ಕರೆದು ಮುಗಿಸುವುದು ಸಮಂಜಸವಲ್ಲ. ಇಲ್ಲಿ ಮತದ ಹಕ್ಕು ನಿವಾಸಿಯದಾಗಿರಲಿಲ್ಲ. ‘ಬರ್ಗೇಜ್’ ಎಂಬ ಹಿಡುವಳಿಯ ನಿವೇಶನಗಳಿಗೆ ಅಂಟಿಕೊಂಡಿತ್ತು. ನೆಲವನ್ನು ಕೊಂಡವನು ಶಾಸನಸಭೆಯ ಸ್ಥಾನಗಳನ್ನೂ ಕೊಂಡಂತೆಯೇ. 1691ರಲ್ಲಿ ಹಾಗೆ ಕೊಂಡವನು ಭಾರತದ ವ್ಯಾಪಾರದಲ್ಲಿ ಹಣ ಗಳಿಸಿದ್ದ, ಮುಂದೆ ಮದರಾಸಿನ ಗವರ್ನರನಾದ ಥಾಮಸ್ ಪಿಟ್. ಅವನ ಮೊಮ್ಮಗ, ಅನಂತರ ಪ್ರಧಾನಮಂತ್ರಿಯಾದ ವಿಲಿಯಂ ಪಿಟ್, 1735ರಲ್ಲಿ ಮೊದಲು ಆಯ್ಕೆಯಾದದ್ದು ಇಲ್ಲಿಂದಲೇ. 1802ರಲ್ಲಿ ಈ ಆಸ್ತಿ 60,000 ಪೌಂಡುಗಳಿಗೆ ಮಾರಾಟವಾಯಿತು. ಹುಲ್ಲುಗಾವಲಿಗೆ ಅಷ್ಟು ಬೆಲೆಯನ್ನು ಯಾರೂ ತೆರುವುದಿಲ್ಲ. ಸುಧಾರಣಾ ಕಾಯಿದೆಯು ಕ್ಷೇತ್ರವನ್ನು ರದ್ದುಗೊಳಿಸುವ ಮುನ್ನ ಅಲ್ಲಿದ್ದ ಮತದಾರರು 11. ಅವರೆಲ್ಲರ ವಾಸ ಬೇರೆಡೆ.