ನಿಮಗಿದು ಗೊತ್ತೆ? ಒಂದೇ ರೂಪ, ನಾಲ್ಕು ವಂಶ

ಜೇವರ್ಗಿ ಸೀಮೆಯ ಮನೆಗಳಲ್ಲಿ ಬರಿಗಾಲಿಗೆ ತಣ್ಣಗೆ ತಾಗುವ ಶಹಾಬಾದ್ ಪರಸಿ ಒಂದು ಕಾಲದಲ್ಲಿ ಸಮುದ್ರದ ತಳದ ಕೆಸರು. ಭೀಮಾ ತೀರದ ಈ ಸುಣ್ಣಕಲ್ಲು ಎಷ್ಟು ಹಳೆಯದೆಂದರೆ, ಅದರಲ್ಲಿ ಹವಳ ಹುಡುಕಿದರೂ ಸಿಗದು. ಆಗಿನ್ನೂ ಹವಳದ ಜೀವಿ ಹುಟ್ಟಿರಲೇ ಇಲ್ಲ!

ಇಂದು ಜೀವಂತ ಹವಳ ನೋಡಬೇಕೆಂದರೆ ಆಳಂದ, ಅಫಜಲಪುರದವರು ಮುರ್ಡೇಶ್ವರದವರೆಗೆ ಹೋಗಿ, ಅಲ್ಲಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪದ ಬಳಿ ನೀರಿಗಿಳಿಯಬೇಕು. ಆದರೆ ಕಂಡ ಹವಳ ಯಾವ ಪ್ರಭೇದದ್ದೆಂದು ಹೇಳುವುದು ತಜ್ಞರಿಗೂ ಕಷ್ಟ. ಒಂದೇ ಪ್ರಭೇದ ಅಲೆಯ ಹೊಡೆತಕ್ಕೆ ಗಿಡ್ಡ, ದಪ್ಪ ಕೊಂಬೆಯಾಗಿಯೂ, ಶಾಂತ ನೀರಿನಲ್ಲಿ ತೆಳ್ಳಗೆ ನೀಳವಾಗಿಯೂ ಬೆಳೆಯುತ್ತದೆ. ಇನ್ನು ಕೆಲವು ಹವಳಗಳು ನೋಡಲು ಅವಳಿ, ಒಳಗೆ ಬೇರೆಯೇ ವಂಶ.

ಸ್ಟೈಲೋಫೋರಾ ಪಿಸ್ಟಿಲೇಟಾ ಎಂಬ ಹವಳವನ್ನು ದಶಕಗಳ ಕಾಲ ಪ್ರಯೋಗಾಲಯದ ಇಲಿಯಂತೆ ಬಳಸಲಾಗಿತ್ತು. ತೈವಾನಿನಲ್ಲಿ ಶಶಾಂಕ್ ಕೇಶವಮೂರ್ತಿ ಮತ್ತು ಸಂಗಡಿಗರು ಹಿಂದೂ ಮಹಾಸಾಗರದಿಂದ ಪೆಸಿಫಿಕ್‌ವರೆಗಿನ ಮಾದರಿಗಳ ಡಿಎನ್‌ಎ ಹೋಲಿಸಿ 2013ರಲ್ಲಿ ಪ್ರಕಟಿಸಿದ ಫಲಿತಾಂಶ ಬೆರಗು ಹುಟ್ಟಿಸುವಂಥದ್ದು: ಆ ಒಂದೇ ಹೆಸರಿನಡಿ ಸ್ಪಷ್ಟವಾಗಿ ಬೇರೆಯಾದ ನಾಲ್ಕು ವಂಶಗಳಿದ್ದವು. ಅಂದರೆ ಒಂದು ಕಡಲಿನ ಹವಳದ ಮೇಲೆ ನಡೆಸಿದ ಪ್ರಯೋಗವನ್ನು ಇನ್ನೊಂದು ಕಡಲಿನದಕ್ಕೆ ಹಾಗೆಯೇ ಹೊಂದಿಸುವಂತಿಲ್ಲ.

ಡಿಎನ್‌ಎ ಒಂದೇ ಸುಳಿವಲ್ಲ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಒಂದೇ ಹವಳದಿಬ್ಬದ ಮೇಲಿರುವ, ಒಂದೇ ರೀತಿ ಕಾಣುವ ಅಕ್ರೊಪೊರಾ ಹವಳಗಳಲ್ಲಿ ಕೆಲವು ವಸಂತದಲ್ಲಿ ಮೊಟ್ಟೆ ಬಿಟ್ಟರೆ ಕೆಲವು ಶರತ್ಕಾಲದಲ್ಲಿ ಬಿಡುತ್ತವೆ. ಅಕ್ಕಪಕ್ಕದಲ್ಲೇ ಇದ್ದರೂ ಅವು ಕೂಡುವ ಕಾಲವೇ ಬರುವುದಿಲ್ಲ.